ಬಾಡಿಗೆ ಮನೆಯ ಪಂಚಮಿ

ನಾನು ಒಳ್ಳೆಯ ಓನರ್ ಎಂದು ನನಗೆ ಬಹಳ ನಂಬಿಕೆ ಇತ್ತು. ನವಿ ಮುಂಬಯಿಯ ಕಾಮೋಠೆಯ ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ನಮಗೆ ಅಕ್ಕಪಕ್ಕದ ಎರಡು ಫ್ಲಾಟುಗಳಿವೆ. ಒಂದರಲ್ಲಿ ನಾನು ಮತ್ತು ನನ್ನ ಗಂಡ ಕಿಟ್ಟಣ್ಣ. ಇನ್ನೊಂದನ್ನು ಮಗನಿಗೆಂದು ತೆಗೆದುಕೊಂಡಿದ್ದೆವು. ಅವನು ಕೆಲಸಕ್ಕೆ ಹತ್ತಿರವಾಗಲಿ ಎಂದು ಘಣಸೋಲಿಯಲ್ಲಿ ಬಾಡಿಗೆ ಕೋಣೆ ಹಿಡಿದ. ಅವನಿಗಾಗಿ ಕೊಂಡ ಮನೆಯಲ್ಲಿ ಆರು ವರ್ಷಗಳಿಂದ ಬಿಜಾಪುರ ಕಡೆಯ ಪದ್ಮಾವತಿ, ಗುರುನಾಥ ದಂಪತಿ ಬಾಡಿಗೆಗಿದ್ದರು. ಗುರುನಾಥನಿಗೆ ತಳೋಜಾದ ಕಾರ್ಖಾನೆಯಲ್ಲಿ ಕೆಲಸ. ಪದ್ಮಾವತಿ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ತನ್ನ ಊರ ಕಡೆಯವರ ಮನೆಗಳಿಗೆ ಕೊಡುತ್ತಿದ್ದಳು.

ಆರು ವರ್ಷದಲ್ಲಿ ನಾನು ಅವರೊಡನೆ ಒಮ್ಮೆಯೂ ಜಗಳ ಆಡಲಿಲ್ಲ. ಹನ್ನೊಂದು ತಿಂಗಳಿಗೊಮ್ಮೆ ಅಗ್ರಿಮೆಂಟ್ ಹೊಸದಾಗುವಾಗ ಮಾತ್ರ ಸ್ವಲ್ಪ ಗಂಭೀರಳಾಗುತ್ತಿದ್ದೆ. ಓನರ್ ಆದವಳು ಅಷ್ಟು ಇರಬೇಕಲ್ಲ.

2014ರ ಮಳೆಗಾಲದಲ್ಲಿ ಪದ್ಮಾವತಿಯ ಅಡುಗೆಮನೆಯ ನೆಲದಿಂದ ನೀರು ಕೆಳಗಿನ ಫ್ಲಾಟಿಗೆ ಇಳಿಯತೊಡಗಿತು. ಸೊಸೈಟಿಯಿಂದ ಚೀಟಿ ಬಂತು. ಗಣಪತಿ ಹಬ್ಬದ ಒಳಗೆ ದುರಸ್ತಿ ಮಾಡಿಸಿ ಎಂದಿತ್ತು. ಇನ್ನೂ ಒಂದೂವರೆ ತಿಂಗಳ ಸಮಯ. ನಾನು ಕ್ಯಾಲೆಂಡರ್ ನೋಡಿದೆ. ಆಟಿ ತಿಂಗಳು ಆಗತಾನೇ ಶುರುವಾಗಿತ್ತು. ನಮ್ಮ ತುಳುವರಿಗೆ ಆಟಿಯಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಗೃಹಪ್ರವೇಶವಿಲ್ಲ. ಯಾರ ಮನೆಗೂ ಯಾರೂ ಬಾರದ ತಿಂಗಳು. ಅಡುಗೆಮನೆ ಒಡೆಯಲು ಇದಕ್ಕಿಂತ ಒಳ್ಳೆಯ ಸಮಯ ಯಾವುದು ಎಂದುಕೊಂಡು ಮೇಸ್ತ್ರಿಗೆ ಫೋನ್ ಮಾಡಿಯೇಬಿಟ್ಟೆ. ಆಮೇಲೆ ಪದ್ಮಾವತಿಗೆ ಹೇಳಲು ಹೋದೆ. ಕೇಳಲು ಅಲ್ಲ, ಹೇಳಲು.

"ಪಂಚಮಿ ಮುಗಿಲ್ರಿ ಅಕ್ಕಾರ," ಎಂದಳು ಅವಳು. "ಆಮ್ಯಾಲ ಏನ್ ಒಡೀತೀರೋ ಒಡೀರಿ."

"ಪಂಚಮಿ ಅರ್ಧ ದಿನದ ಕೆಲಸ ಅಲ್ವಾ ಪದ್ಮಾ? ಅದಕ್ಕೆ ಎಂತ ಕಾಯುವುದು? ಆ ದಿನ ಮೇಸ್ತ್ರಿಗೆ ರಜೆ ಕೊಡುವ."

ನಮಗೆ ನಾಗರ ಪಂಚಮಿ ಎಂದರೆ ಅಷ್ಟೇ. ಬೆಳಿಗ್ಗೆ ನಾಗನಿಗೆ ಹಾಲು, ಎಳನೀರು ಎರೆದು ಬಂದು, ಅರಿಶಿನ ಎಲೆಯ ಕಡುಬು ತಿಂದರೆ ಮಧ್ಯಾಹ್ನಕ್ಕೆ ಹಬ್ಬ ಮುಗಿಯಿತು. ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಗುರುನಾಥ ನಡುವೆ ಬಂದ.

"ಬಾಡಿಗ್ಯಾಗ ಏನರ ಕಡಿಮಿ ಮಾಡ್ತೀರೇನ್ರಿ ಅಕ್ಕಾರ? ಅಡಗಿಮನಿ ಇಲ್ಲಂದ್ರ ಎಲ್ಲಾ ಹೊರಗಿಂದ ತರಬೇಕಾಕ್ಕೇತಿ."

ನನಗೆ ಸಿಟ್ಟು ಬಂದದ್ದು ಅಲ್ಲಿಯೇ.

"ಎಂತ ಗುರುನಾಥ, ಹೊಸ ಟೈಲ್ಸ್, ಹೊಸ ಗ್ರಾನೈಟ್ ಕಟ್ಟೆ, ಹೊಸ ನಳ, ಎಲ್ಲ ಹಾಕಿಸಿ ಕೊಡುವುದು ನಾನು. ಅದರಲ್ಲಿ ಅಡುಗೆ ಮಾಡುವುದು ನೀವು. ಮೇಲಿಂದ ದುಡ್ಡೂ ನಾನೇ ಕೊಡಬೇಕಾ? ಅಗ್ರಿಮೆಂಟ್ ನೋಡು, ರಿಪೇರಿಗೆ ಅಡ್ಡಿ ಮಾಡಬಾರದು ಅಂತ ಉಂಟು."

ನಾನು ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಸಂಜೆ ಮಗ ಅಕ್ಷಿತ್‌ಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಮೇ ತಿಂಗಳಲ್ಲಿ ಅವನ ಕೋಣೆಯ ಬಚ್ಚಲು ಹತ್ತು ದಿನ ಒಡೆದಿತ್ತು. ಅವನು ತನ್ನ ಓನರ್ ಹತ್ತಿರ ವಾದ ಮಾಡಿ ಹತ್ತು ದಿನದ ಬಾಡಿಗೆ ಕಡಿತ ಮಾಡಿಸಿಕೊಂಡಿದ್ದ. ಮಗ ಎಷ್ಟು ಚುರುಕು ಎಂದು ನಾನು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ನಾನು ಎಷ್ಟೇ ಕನ್ನಡದಲ್ಲಿ ಮಾತಾಡಿದರೂ ಅವನ ಉತ್ತರ ಹಿಂದಿಯಲ್ಲೇ. "ತೋ ಉನ್ಕಾ ಭೀ ಕಾಟ್ ದೋ ನಾ ಮಮ್ಮಿ. ಮೇರೇ ಟೈಮ್ ತುಮ್ ಹೀ ಬೋಲಿ ಥೀ, ಹಕ್ ಹೈ." ಅವರದ್ದೂ ಕಡಿತ ಮಾಡು, ನನ್ನ ಸಲ ಅದು ಹಕ್ಕು ಎಂದವಳು ನೀನೇ ಅಲ್ಲವೇ ಎಂದು.

"ಅದು ಬೇರೆ, ಇದು ಬೇರೆ," ಎಂದೆ.

"ಕೈಸೇ?"

ಹೇಗೆ ಎಂದು ಹೇಳುವ ಬದಲು, ಹಾಲು ಉಕ್ಕುತ್ತಾ ಇದೆ ಎಂದು ಫೋನ್ ಇಟ್ಟೆ. ಒಲೆಯ ಮೇಲೆ ಹಾಲು ಇರಲಿಲ್ಲ.

ಶನಿವಾರ ಕೆಲಸ ಶುರುವಾಯಿತು. ಎಂಟು ದಿನ ಎಂದಿದ್ದ ಮೇಸ್ತ್ರಿ ನೆಲ ಅಗೆದು ನೋಡಿ, ಪೈಪೇ ಕೊಳೆತಿದೆ, ಹದಿನೈದು ದಿನ ಬೇಕು ಎಂದ. ಮೇಸ್ತ್ರಿಗಳ ಎಂಟು ಯಾವತ್ತು ಎಂಟಾಗಿತ್ತು? ಸುತ್ತಿಗೆಯ ಸದ್ದಿಗೆ ನಮ್ಮ ಮನೆಯ ಗೋಡೆಯ ಮೇಲಿನ ದೇವರ ಫೋಟೋ ಕೂಡ ಅಲುಗುತ್ತಿತ್ತು. ನಾನು ದಿನಕ್ಕೆರಡು ಬಾರಿ ಕೆಲಸ ನೋಡಿ ಬರುತ್ತಿದ್ದೆ. ನನ್ನ ಕಣ್ಣು ಪೈಪಿನ ಮೇಲೆ, ಟೈಲ್ಸಿನ ಮೇಲೆ. ಹಾಲ್‌ನಲ್ಲಿ ಹಳೆಯ ಸೀರೆ ಅಡ್ಡ ಕಟ್ಟಿಕೊಂಡು ಅದರ ಹಿಂದೆ ಪದ್ಮಾವತಿ ಏನು ಮಾಡುತ್ತಿದ್ದಾಳೆ ಎಂದು ಮೂರು ದಿನ ನಾನು ಇಣುಕಿಯೂ ನೋಡಲಿಲ್ಲ.

ನಾಲ್ಕನೆಯ ದಿನ ಮೇಸ್ತ್ರಿಗೆ ಚಹಾ ತೆಗೆದುಕೊಂಡು ಹೋದಾಗ ಅವಳೇ ಕರೆದಳು. ನೆಲದ ಮೇಲೆ ಒಲೆ, ತವೆ, ಹಿಟ್ಟು. ಪಕ್ಕದಲ್ಲಿ ನಲವತ್ತು ರೊಟ್ಟಿಗಳು ಒಂದರ ಮೇಲೊಂದು. ಮೇಲಿನದರಿಂದ ಒಂದು ಚೂರು ಮುರಿದು ನನ್ನ ಕೈಗೆ ಕೊಟ್ಟಳು.

"ಕಡೀರಿ ಅಕ್ಕಾರ."

ಕಡಿದೆ. ಹಲ್ಲಿನ ನಡುವೆ ಕರಕರ ಎಂದಿತು. ಸಿಮೆಂಟು, ಮರಳು. ಮುಚ್ಚಿಟ್ಟ ಹಿಟ್ಟಿನೊಳಗೂ ಹೋಗಿ ಕುಳಿತಿತ್ತು. ಅವಳು ನಲವತ್ತು ರೊಟ್ಟಿಯನ್ನೂ ಒಂದು ಚೀಲಕ್ಕೆ ಸುರಿದು ಕಟ್ಟಿ ಬಾಗಿಲ ಬಳಿ ಇಟ್ಟಳು. ದನವೂ ತಿನ್ನುವಂತಿರಲಿಲ್ಲ. ನಾನು ಬಾಯಲ್ಲಿದ್ದುದನ್ನು ಉಗುಳಲೂ ಆಗದೆ ನುಂಗಲೂ ಆಗದೆ ನಿಂತೆ. ಓನರ್ ಆಗಿ ನನಗೆ ನಾಚಿಕೆಯಾದದ್ದು ಅದೇ ಮೊದಲು.

ಆಗ ಕೇಳಿದೆ. ಮೊದಲೇ ಕೇಳಬೇಕಾಗಿದ್ದುದನ್ನು.

ಅವರ ಕಡೆ ಪಂಚಮಿ ಅರ್ಧ ದಿನದ್ದಲ್ಲ. ವರ್ಷದಲ್ಲೇ ದೊಡ್ಡ ಹಬ್ಬ. ಅದು ಶುರುವಾಗುವುದು ರೊಟ್ಟಿ ಹಬ್ಬದಿಂದ. ಆ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗರಿಗರಿಯಾಗಿ ಒಣಗಿಸಿದ ಜೋಳದ ಕಟಕ ರೊಟ್ಟಿ, ಬಗೆಬಗೆಯ ಪಲ್ಯ ಮಾಡಿ ಮನೆಯಿಂದ ಮನೆಗೆ ತಟ್ಟೆಯಲ್ಲಿಟ್ಟು ಹಂಚುತ್ತಾರೆ. ಪಂಚಮಿಯ ದಿನ ತವೆಯನ್ನು ಒಲೆಗೆ ಏರಿಸುವಂತೆಯೇ ಇಲ್ಲ. ಆದ್ದರಿಂದ ರೊಟ್ಟಿಯೆಲ್ಲ ಮೊದಲೇ ಬಡಿದು ಒಣಗಿಸಿ ಇಟ್ಟಿರಬೇಕು. ಇಲ್ಲಿ ಹುಟ್ಟಿ ಬೆಳೆದ ಸೊಸೆಯರಿಗೆ ರೊಟ್ಟಿ ಬಡಿಯಲು ಬಾರದು. ಕಾಮೋಠೆ, ಕಳಂಬೋಲಿ, ಖಾರಘರದ ಮೂವತ್ತು ಮನೆಗಳಿಗೆ ಪದ್ಮಾವತಿ ರೊಟ್ಟಿ ಕೊಡುತ್ತೇನೆಂದು ಒಪ್ಪಿಕೊಂಡಿದ್ದಳು. ಆರುನೂರು ರೊಟ್ಟಿ. ರೊಟ್ಟಿ ಹಬ್ಬಕ್ಕೆ ಇನ್ನು ಎಂಟೇ ದಿನ. ಮಾಡಿದ್ದ ನಲವತ್ತೂ ಚೀಲಕ್ಕೆ ಹೋಗಿದ್ದವು.

"ಈ ಸಲ ಕೊಡಲಿಲ್ಲಂದ್ರ ಮುಂದ ಯಾರೂ ನನ್ನ ಕೇಳಂಗಿಲ್ರಿ," ಎಂದಳು. "ಕಳಂಬೋಲ್ಯಾಗ ಇನ್ನೊಬ್ಬಾಕಿ ಅದಾಳ. ಎಲ್ಲಾರೂ ಆಕಿ ಕಡೆ ಹೋಗ್ತಾರ. ನಾ ಮತ್ತ ಮಂದಿ ಮನಿ ಭಾಂಡಿ ತಿಕ್ಕಾಕ ಹೋಗಬೇಕಾಕ್ಕೇತಿ."

ಎರಡು ವರ್ಷದ ಹಿಂದಿನವರೆಗೆ ಅವಳು ನಮ್ಮದೇ ಕಟ್ಟಡದಲ್ಲಿ ನಾಲ್ಕು ಮನೆಗಳ ಪಾತ್ರೆ ತೊಳೆಯುತ್ತಿದ್ದಳು. ಆ ಕೆಲಸ ಬಿಟ್ಟ ದಿನ ನಮ್ಮ ಮನೆಗೆ ಪೇಡೆ ತಂದುಕೊಟ್ಟದ್ದು ನನಗೆ ನೆನಪಿತ್ತು.

ನಾನು ಮನೆಗೆ ಹೋಗಿ ಅರ್ಧ ತಿಂಗಳ ಬಾಡಿಗೆಯನ್ನು ಲಕೋಟೆಯಲ್ಲಿ ಹಾಕಿ ತಂದೆ. ಮಗನ ಮಾತು ಕಡೆಗೂ ತಲೆಗೆ ಹತ್ತಿತ್ತು. ಕೊಟ್ಟುಬಿಟ್ಟರೆ ನನ್ನ ಭಾರ ಇಳಿಯುತ್ತದೆ ಎಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ? ಅವಳು ಲಕೋಟೆ ಮುಟ್ಟಲಿಲ್ಲ.

"ಅವರಿಗೆ ರೊಟ್ಟಿ ಕೊಡ್ತೀನಿ ಅಂದೀನ್ರಿ ಅಕ್ಕಾರ. ಈ ನೋಟ ಹರದು ಮೂವತ್ತು ಮನಿಗೆ ಹಂಚಾಕ ಬರತೈತೇನ್ರಿ?"

"ಹಾಗಾದರೆ ನಮ್ಮ ಅಡುಗೆಮನೆಗೆ ಬಾ. ಎಂಟು ದಿನ ನೀನೇ ಇಟ್ಟುಕೋ," ಎಂದೆ. ನನ್ನ ದೊಡ್ಡತನಕ್ಕೆ ನಾನೇ ಬೆರಗಾಗಿದ್ದೆ.

ಪದ್ಮಾವತಿ ತಲೆ ತಗ್ಗಿಸಿದಳು. "ಬ್ಯಾಡ್ರಿ ಅಕ್ಕಾರ."

"ಯಾಕೆ?"

"ಎಲ್ಲಿ ಮಾಡಿದ್ದು ಅಂತ ಅವ್ರು ಕೇಳ್ತಾರ್ರಿ. ನನಗ ಸುಳ್ಳ ಹೇಳಾಕ ಬರಂಗಿಲ್ಲ."

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಮೀನು. ಅವಳ ಗಿರಾಕಿಗಳೆಲ್ಲ ಲಿಂಗವಂತರು. ನಮ್ಮ ಅಡುಗೆಮನೆಯಲ್ಲಿ ಮೀನು ಬೇಯದ ದಿನವಿಲ್ಲ. ಆಟಿಯಲ್ಲಂತೂ ದೋಣಿಗಳು ಕಡಲಿಗೆ ಇಳಿಯುವುದಿಲ್ಲವಾದ್ದರಿಂದ ಒಣಮೀನು. ಅದರ ವಾಸನೆ ಲಿಫ್ಟಿನವರೆಗೂ ಬರುತ್ತದೆ.

ನಾನು ಎದ್ದು ಬಂದೆ. ಮನೆಗೆ ಬಂದವಳೇ ಗಂಡನ ಮೇಲೆ ಹರಿಹಾಯ್ದೆ. ಅವರು ಗಂಜಿಗೆ ಒಣಮೀನಿನ ಚಟ್ನಿ ನೆಂಚಿಕೊಂಡು ಊಟ ಮಾಡುತ್ತಿದ್ದರು.

"ನಮ್ಮ ಮನೆ ಬಾಡಿಗೆಗೆ ಆಗುತ್ತದಂತೆ, ನಮ್ಮ ಅಡುಗೆಮನೆ ಆಗುವುದಿಲ್ಲವಂತೆ! ನಾವೆಂತ ಕೊಳಕರಾ?"

ಕಿಟ್ಟಣ್ಣನವರಿಗೆ ಪನ್ವೇಲಿನಲ್ಲಿ ಹೋಟೆಲ್ ಇದೆ. ಇಡ್ಲಿ, ದೋಸೆ, ಥಾಲಿ. ಜಗತ್ತಿನ ಯಾವ ಜಗಳಕ್ಕೂ ಅವರು ಊಟ ಅರ್ಧಕ್ಕೆ ಬಿಟ್ಟವರಲ್ಲ. ನಿಧಾನಕ್ಕೆ ಗಂಜಿ ಮುಗಿಸಿ ಕೈ ತೊಳೆದು ಬಂದರು.

"ನಮ್ಮ ಹೋಟೆಲಿನ ಬೋರ್ಡಿನಲ್ಲಿ ಎಂತ ಬರೆದಿದೆ ನಳಿನಿ?"

"ಎಂತ ಬರೆಯುವುದು? ಶುದ್ಧ ಶಾಕಾಹಾರಿ."

"ಇಪ್ಪತ್ತೆರಡು ವರ್ಷ ಆಯ್ತು. ನಾನು ಮನೆಯಲ್ಲಿ ಬಂಗುಡೆ ತಿಂದು ಹೋಗಿ ಹೋಟೆಲಿನ ಗಲ್ಲಾದಲ್ಲಿ ಕೂತುಕೊಳ್ಳುವವ. ಒಂದು ದಿನ ಹೋಟೆಲಿನ ಒಳಗೆ ಒಂದು ಮೊಟ್ಟೆ ಬೇಯಿಸಿದರೆ ಯಾವ ಗಿರಾಕಿಗೆ ಗೊತ್ತಾಗ್ತಿತ್ತು? ಬೇಯಿಸಿದೆನಾ? ಒಬ್ಬ ಹುಡುಗ ಡಬ್ಬಿಯಲ್ಲಿ ಮೀನು ತಂದಾಗ ಹೊರಗೆ ಕೂತು ತಿನ್ನು ಅಂತ ಕಳಿಸಿದವ ನಾನೇ. ಆಗ ಅವನು ಕೊಳಕ ಅಂತ ಅಲ್ಲ ಮಾರಾಯ್ತಿ, ಬೋರ್ಡಿನಲ್ಲಿ ಬರೆದಿದ್ದೇನೆ ಅಂತ."

ಈ ಎರಡು ಫ್ಲಾಟು, ಅಕ್ಷಿತನ ಓದು, ನನ್ನ ಕೈಯ ಬಳೆ, ಎಲ್ಲ ಬಂದದ್ದು ಆ ಬೋರ್ಡಿನಿಂದಲೇ.

"ಅವಳಿಗೂ ಒಂದು ಬೋರ್ಡ್ ಉಂಟು," ಎಂದರು ಅವರು. "ಬರೆದು ಹಾಕಿಲ್ಲ, ಅಷ್ಟೇ. ಎಂಟು ದಿನ ಹೋಟೆಲಿನ ನಿಯಮ ಮನೆಗೂ ಹಾಕಿಬಿಡು."

"ಮತ್ತೆ ನಿಮಗೆ?"

"ಸಾಯುವುದಿಲ್ಲ," ಎಂದರು. ಮುಖ ನೋಡಿದರೆ ಹಾಗೆ ಅನಿಸಲಿಲ್ಲ.

ಮರುದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಾನು ಅಡುಗೆಮನೆ ತೊಳೆದೆ. ಸೋಡಾ ಹಾಕಿ ತಿಕ್ಕಿದೆ, ನಿಂಬೆ ಹಾಕಿ ತಿಕ್ಕಿದೆ, ಕಪಾಟಿನ ಮೂಲೆ ಮೂಲೆಗೆ ಕೈ ಹಾಕಿ ಒರೆಸಿದೆ. ಒಣಮೀನಿನ ಡಬ್ಬಿ, ಮೀನು ಸಾರಿನ ಮಣ್ಣಿನ ಪಾತ್ರೆ, ಮೀನು ಕತ್ತರಿಸುವ ಕತ್ತಿ, ಎಲ್ಲವನ್ನೂ ಕಟ್ಟಿ ಕಿಟ್ಟಣ್ಣ ಸ್ಕೂಟರಿನಲ್ಲಿ ಘಣಸೋಲಿಗೆ ಒಯ್ದು ಮಗನ ಕೋಣೆಯಲ್ಲಿ ಇಟ್ಟು ಬಂದರು. ಎರಡು ದಿನದಲ್ಲಿ ಅಕ್ಷಿತನ ಓನರ್ ಏನು ವಾಸನೆ ಎಂದು ಕೇಳಿಕೊಂಡು ಬಂದನಂತೆ. ಪರಿಹಾರ ಕೊಡು ಎಂದು ಅವನು ಕೇಳದಿದ್ದದ್ದು ನಮ್ಮ ಪುಣ್ಯ.

ನಾನು ಪದ್ಮಾವತಿಯನ್ನು ಕರೆದು ಖಾಲಿ ಅಡುಗೆಮನೆ ತೋರಿಸಿದೆ. "ಇವತ್ತಿನಿಂದ ಹಬ್ಬದವರೆಗೆ ಈ ಮನೆಗೆ ಮೀನು ಬರುವುದಿಲ್ಲ. ಯಾರು ಕೇಳಿದರೂ ನಿಜವನ್ನೇ ಹೇಳು," ಎಂದೆ. ಅವಳು ಬಹಳ ಹೊತ್ತು ಹೊಸ್ತಿಲಲ್ಲೇ ನಿಂತಳು. ಆಮೇಲೆ ಹೋಗಿ ತನ್ನ ಒಲೆ, ಸಿಲಿಂಡರ್, ತವೆ, ಹಿಟ್ಟು ನಾದುವ ಮರದ ಹರಿವಾಣ ಎಲ್ಲವನ್ನೂ ಗುರುನಾಥನ ಕೈಯಲ್ಲಿ ಹೊರಿಸಿಕೊಂಡು ಬಂದಳು. ಅಂಗಡಿಯಿಂದ ಹೊಸ ಹಿಟ್ಟು ತಂದಳು. ಒಲೆಗೆ ವಿಭೂತಿ ಹಚ್ಚಿ ಕೈ ಮುಗಿದು ಕುಳಿತಳು.

ಆ ದಿನಗಳನ್ನು ಈಗ ನೆನೆದರೂ ನನಗೆ ಖುಷಿಯಾಗುತ್ತದೆ. ಹೊರಗೆ ಮಳೆ, ಗೋಡೆಯ ಆಚೆ ಮೇಸ್ತ್ರಿಯ ಸುತ್ತಿಗೆ, ಈಚೆ ಪದ್ಮಾವತಿಯ ಅಂಗೈಯ ಪಟಪಟ ಸದ್ದು. ಬೆಳಿಗ್ಗೆ ಏಳಕ್ಕೆ ಶುರುವಾದರೆ ಸಂಜೆವರೆಗೆ. ಸುಟ್ಟ ರೊಟ್ಟಿ ಒಣಗಬೇಕಲ್ಲ, ಮಳೆಗಾಲದಲ್ಲಿ ಬಿಸಿಲೆಲ್ಲಿ? ನಮ್ಮ ಮಂಚದ ಮೇಲೆ ಬಿಳಿ ಬಟ್ಟೆ ಹಾಸಿ, ಫ್ಯಾನಿನ ಕೆಳಗೆ ಹರಡಿದೆವು. ನಾವಿಬ್ಬರೂ ಹಾಲ್‌ನಲ್ಲಿ ಚಾಪೆಗೆ ಇಳಿದೆವು. ನಾನೂ ರೊಟ್ಟಿ ಬಡಿಯಲು ಕುಳಿತೆ. ನನ್ನದು ಯಾವ ಆಕಾರಕ್ಕೂ ಬರದೆ ಅಂಚಿನಲ್ಲಿ ಹರಿಯುತ್ತಿತ್ತು. "ನೀವು ಎಳ್ಳ ಹಚ್ರಿ ಅಕ್ಕಾರ, ಸಾಕು," ಎಂದು ಅವಳು ನಕ್ಕಳು. ನನ್ನ ಅಡುಗೆಮನೆಯಲ್ಲಿ ನನಗೇ ಕೈಕೆಲಸದ ನೌಕರಿ ಸಿಕ್ಕಿತು.

ಕಿಟ್ಟಣ್ಣ ಮೂರನೆಯ ದಿನಕ್ಕೆ ಕುಗ್ಗಿಹೋದರು. ಹರಿದ ರೊಟ್ಟಿಗಳನ್ನು ಶೇಂಗಾ ಚಟ್ನಿಯೊಂದಿಗೆ ತಿನ್ನುತ್ತಾ, "ಚೆನ್ನಾಗಿದೆ, ಚೆನ್ನಾಗಿದೆ," ಎಂದು ಯಾರೋ ಸತ್ತ ಸುದ್ದಿ ಹೇಳುವವರಂತೆ ಹೇಳುತ್ತಿದ್ದರು. ಆದರೂ ಘಣಸೋಲಿಗೆ ಹೋಗಿ ಕದ್ದು ತಿಂದು ಬರಲಿಲ್ಲ. ಅದು ನನಗೆ ಗೊತ್ತು, ಮಗನನ್ನು ವಿಚಾರಿಸಿದ್ದೇನೆ.

ರೊಟ್ಟಿ ಹಬ್ಬದ ದಿನ ಬೆಳಿಗ್ಗೆ ಆರುನೂರೂ ಸಿದ್ಧವಾಗಿದ್ದವು. ಅವಳ ಮನೆಯ ತುಂಬ ಸಿಮೆಂಟ್ ಚೀಲ ಇದ್ದುದರಿಂದ ಒಯ್ಯುವವರೆಲ್ಲ ನಮ್ಮ ಬಾಗಿಲಿಗೇ ಬಂದರು. ಒಂಬತ್ತು ಗಂಟೆಗೆ ಹಾಲ್‌ನಲ್ಲಿ ಏಳೆಂಟು ಜನ. ಅವರಲ್ಲಿ ಎಲ್ಲರಿಗಿಂತ ಹಿರಿಯಳು ಕಳಂಬೋಲಿಯ ಬಾಲಮ್ಮ. ಇಳಕಲ್ ಸೀರೆ, ಹಣೆ ತುಂಬ ವಿಭೂತಿ. ಅವಳು ಗೋಡೆ, ಕಪಾಟು, ಅಡುಗೆಮನೆ ಎಲ್ಲವನ್ನೂ ಕಣ್ಣಾಡಿಸಿ ನೋಡಿದಳು.

"ಇದ್ ಯಾರ ಮನಿ ಪದ್ಮಾ?"

"ಓನರ್ ಅಕ್ಕಾರ ಮನಿರಿ ಅವ್ವಾರ."

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ನಿಲ್ಲಿಸಲಿಲ್ಲ.

"ಮಂಗಳೂರ ಕಡ್ಯಾವ್ರು. ಮೀನ ತಿಂತಾರ್ರಿ. ನನ್ನ ಸಲುವಾಗಿ ಈ ರೊಟ್ಟಿ ಮುಗಿಯೂತನಕ ಮನಿಯೊಳಗ ತಂದಿಲ್ರಿ. ಒಲಿ ನಂದು, ತವಿ ನಂದು. ಜಾಗಾ ಮಾತ್ರ ಇವರದು. ಬ್ಯಾಡಂದ್ರ ಬ್ಯಾಡ್ರಿ, ನಾ ಏನೂ ಅನ್ನಂಗಿಲ್ಲ."

ಖಾರಘರದಿಂದ ಬಂದಿದ್ದ ಹೆಂಗಸೊಬ್ಬಳು ತನ್ನ ಖಾಲಿ ಚೀಲವನ್ನು ಮಡಚಿ ಬಗಲಲ್ಲಿಟ್ಟುಕೊಂಡು, "ಅತ್ತಿ ಒಪ್ಪಂಗಿಲ್ಲ ಪದ್ಮಾ," ಎಂದು ಮೆಟ್ಟಿಲಿಳಿದು ಹೋದಳು. ಇನ್ನೊಬ್ಬಳೂ ಚೀಲ ಮಡಚತೊಡಗಿದಳು.

ಬಾಲಮ್ಮ ಮೂಲೆಯಲ್ಲಿ ಕುಳಿತಿದ್ದ ಕಿಟ್ಟಣ್ಣನವರ ಕಡೆ ತಿರುಗಿದಳು. "ತ್ರಾಸ ಆತೇನಪಾ ನಿನಗ?"

"ತುಂಬಾ ತ್ರಾಸ ಆಯ್ತು ಅಮ್ಮ," ಎಂದರು ಅವರು, ಹೃದಯದಿಂದ.

ಮುದುಕಿ ನಕ್ಕುಬಿಟ್ಟಳು. "ಇಂವ ಖರೇ ಹೇಳ್ತಾನ, ಇಕಿನೂ ಖರೇ ಹೇಳ್ತಾಳ. ನಮ್ಮನ್ಯಾಗ ಅರ ಎಂಟ ದಿನ ಯಾರು ಏನ್ ಬಿಟ್ಟಾರ? ನಂದು ಮೂವತ್ತ ರೊಟ್ಟಿ ಕಟ್ಟವಾ," ಎಂದಳು. ಅವಳ ಹಿಂದೆ ಉಳಿದವರೂ ಚೀಲ ಬಿಚ್ಚಿದರು. ಮಡಚುತ್ತಿದ್ದವಳೂ ಬಿಚ್ಚಿದಳು. ಸಂಜೆಯ ಹೊತ್ತಿಗೆ ಇಪ್ಪತ್ತೊಂಬತ್ತು ಮನೆಯವರು ಬಂದು ಒಯ್ದಿದ್ದರು. ಖಾರಘರದ ಒಂದೇ ಮನೆಯ ಇಪ್ಪತ್ತು ರೊಟ್ಟಿ ಉಳಿದವು.

ಆ ಇಪ್ಪತ್ತರ ದುಡ್ಡು ನಾನು ಕೊಡುತ್ತೇನೆ ಎಂದರೆ ಪದ್ಮಾವತಿ ಬೇಡವೆಂದು ತಲೆಯಾಡಿಸಿದಳು. ಆ ತಿಂಗಳ ಬಾಡಿಗೆಯನ್ನು ಮಾತ್ರ ಅರ್ಧಕ್ಕೆ ಇಳಿಸಿದೆ. ಗುರುನಾಥ ಬೇಡವೆನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ಹದಿನೈದು ದಿನ ಅಡುಗೆಮನೆ ಇಲ್ಲದ ಮನೆಗೆ ಪೂರ್ತಿ ಬಾಡಿಗೆ ಕೇಳುವುದು ಹೇಗೆ? ಅವನು ಮೊದಲ ದಿನವೇ ಕೇಳಿದ್ದು ಸರಿಯಾಗಿಯೇ ಇತ್ತು.

ಅಂದು ಸಂಜೆ ಅವಳು ನಮ್ಮ ಅಡುಗೆಮನೆಯಲ್ಲೇ ಬದನೆಕಾಯಿ ಪಲ್ಯ, ಮಡಕಿ ಕಾಳಿನ ಪಲ್ಯ ಮಾಡಿದಳು. ನನ್ನ ಕಣ್ಣೆದುರಿಗೇ ಒಂದು ಸ್ಟೀಲ್ ತಟ್ಟೆಯಲ್ಲಿ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಜೋಡಿಸಿ, ಮೇಲೆ ಬಟ್ಟೆ ಮುಚ್ಚಿ, ತಟ್ಟೆ ಹಿಡಿದು ನಮ್ಮ ಬಾಗಿಲಿನಿಂದ ಹೊರಗೆ ಹೋದಳು. ಯಾರಿಗೋ ಕೊಡಲು ಹೋದಳು ಎಂದುಕೊಂಡೆ. ಸಿಮೆಂಟ್ ಚೀಲಗಳ ನಡುವೆ ದಾಟಿ ತನ್ನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಆ ಬಾಗಿಲು ತೆರೆಯಿತು. ನಮ್ಮ ಕಾಲಿಂಗ್ ಬೆಲ್ ಹೊಡೆಯಿತು.

ಹೊರಗೆ ಅವಳು ಹೊಸ ಸೀರೆಯ ಸೆರಗು ತಲೆಗೆ ಹೊದ್ದು ತಟ್ಟೆ ಹಿಡಿದು ನಿಂತಿದ್ದಳು. "ರೊಟ್ಟಿ ಹಬ್ಬರಿ ಅಕ್ಕಾರ. ನಮ್ಮ ಮನಿಯಿಂದ."

ಆರು ವರ್ಷ ಗೋಡೆಗೆ ಗೋಡೆ ಹತ್ತಿಕೊಂಡು ಇದ್ದೆವು. ಆರು ರೊಟ್ಟಿ ಹಬ್ಬಗಳು ಬಂದು ಹೋಗಿದ್ದವು. ಒಂದು ವರ್ಷವೂ ಈ ತಟ್ಟೆ ನಮ್ಮ ಬಾಗಿಲಿಗೆ ಬಂದಿರಲಿಲ್ಲ. ಬಂದಿಲ್ಲವೆಂಬುದೂ ನನಗೆ ತಿಳಿದಿರಲಿಲ್ಲ.

"ಇಷ್ಟು ವರ್ಷ ಯಾಕೆ ಕೊಡಲಿಲ್ಲ ಪದ್ಮಾ?"

ಅವಳು ಮುಚ್ಚಿಡಲಿಲ್ಲ. ಮುಚ್ಚಿಡಲು ಅವಳಿಗೆ ಬರುವುದೂ ಇಲ್ಲ. "ಕೊಟ್ರ ನೀವು ತಾಟ ಖಾಲಿ ಕಳಸಂಗಿಲ್ಲ. ಏನರ ಹಾಕಿ ಕೊಡ್ತೀರಿ. ನಿಮ್ಮ ಮನಿದು ನಾ ತಿನ್ನಲಿಲ್ಲಂದ್ರ ನಿಮಗ ಕೆಟ್ಟ ಅನಸ್ತಿತ್ತು. ಅದಕ್ಕ ಅಂಜಿ ಬಿಟ್ಟಿದ್ನಿರಿ."

ನಾನು ತಟ್ಟೆ ತೆಗೆದುಕೊಂಡು ಒಳಗೆ ಹೋದೆ. ಆಟಿಯಲ್ಲವೇ, ಕಿಟ್ಟಣ್ಣ ಹಿಂದಿನ ದಿನ ಪನ್ವೇಲಿನ ಸಂತೆಯಿಂದ ಕೆಸುವಿನ ಎಲೆ ತಂದಿದ್ದರು. ಬೆಳಿಗ್ಗೆ ಅದಕ್ಕೆ ಮಸಾಲೆ ಹಿಟ್ಟು ಹಚ್ಚಿ, ಸುತ್ತಿ ಬೇಯಿಸಿ ಪತ್ರೊಡೆ ಮಾಡಿದ್ದೆ. ಅದೇ ಅಡುಗೆಮನೆಯಲ್ಲಿ, ನನ್ನ ಒಲೆಯ ಮೇಲೆ, ನನ್ನ ಪಾತ್ರೆಯಲ್ಲಿ. ತಟ್ಟೆ ತೊಳೆದು ಆರು ತುಂಡು ಪತ್ರೊಡೆ ಇಟ್ಟೆ. ಅವಳು ತೆಗೆದುಕೊಂಡು ಹೋಗಿ ಮನೆಯಲ್ಲಿ ಯಾರಿಗೂ ಕಾಣದಂತೆ ಚೆಲ್ಲಿದರೂ ನಾನು ಕೇಳುವುದಿಲ್ಲ ಎಂದು ಮನಸ್ಸಿನಲ್ಲೇ ನಿರ್ಧಾರ ಮಾಡಿಕೊಂಡು ಬಂದು ಅವಳ ಕೈಗೆ ಕೊಟ್ಟೆ.

ಪದ್ಮಾವತಿ ಮನೆಗೆ ಒಯ್ಯಲಿಲ್ಲ. ಬಾಗಿಲಲ್ಲೇ ನಿಂತು ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡಳು. ನಿಧಾನಕ್ಕೆ ಅಗಿದಳು, ಪೂರ್ತಿ ನುಂಗಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಖಾರ ಭಾಳ ಕಡಿಮಿ ಆಗೇತ್ರಿ ಅಕ್ಕಾರ," ಎಂದಳು.

ನನ್ನ ಪತ್ರೊಡೆಗೆ ಮೂವತ್ತು ವರ್ಷದಲ್ಲಿ ಯಾರೂ ಕೊರತೆ ಹೇಳಿದ್ದಿಲ್ಲ, ಹೇಳಲು ನಾನು ಬಿಟ್ಟದ್ದೂ ಇಲ್ಲ. "ಮುಂದಿನ ವರ್ಷ ಜಾಸ್ತಿ ಹಾಕುತ್ತೇನೆ ಮಾರಾಯ್ತಿ," ಎಂದೆ. ಅವಳು ಎರಡನೆಯ ತುಂಡಿಗೆ ಕೈ ಹಾಕಿದಳು.